ಮಿಸ್ಸಿಂಗ್ ಹಿಡಿಯುವ ವಿದ್ಯೆ

ಅಂಬಾಸಿಡರ್ ಕಾಲದ ಗ್ಯಾರೇಜಿನಲ್ಲಿ ಮಿಸ್ಸಿಂಗ್ ಹಿಡಿಯಲು ಒಂದು ಕಟಿಂಗ್ ಪ್ಲೇಯರ್ ಮತ್ತು ಎರಡು ಕಿವಿ ಸಾಕಾಗಿತ್ತು. ಗಾಡಿ ಐಡ್ಲಿಂಗ್‌ನಲ್ಲಿ ನಡುಗುತ್ತಿದೆ, ಸೈಲೆನ್ಸರಿನ ಸದ್ದಿನಲ್ಲಿ ನಡುನಡುವೆ ಒಂದು ಏಟು ತಪ್ಪುತ್ತಿದೆ ಎಂದರೆ ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುವುದು. ನೆಟ್ಟಗೆ ದುಡಿಯುತ್ತಿದ್ದ ಸಿಲಿಂಡರಿನ ವೈರ್ ಕಿತ್ತರೆ ಎಂಜಿನ್ ಇನ್ನಷ್ಟು ಕುಂಟುತ್ತದೆ. ಯಾವ ವೈರ್ ಕಿತ್ತರೂ ಸದ್ದು ಬದಲಾಗುವುದಿಲ್ಲವೋ ಅಲ್ಲೇ ಕಳ್ಳ ಇದ್ದಾನೆ. ಈ ಕೆಲಸದಲ್ಲಿ ಶಾಕ್ ಹೊಡೆಸಿಕೊಳ್ಳದ ಮೆಕ್ಯಾನಿಕ್ ಸಿಗುವುದು ಕಷ್ಟ. ಈಗಿನ ಕಾಯಿಲ್‌ಗಳ ಮೇಲೆ ಈ ಪ್ರಯೋಗ ಬೇಡ. ವೋಲ್ಟೇಜ್ ಹೆಚ್ಚು, ಕಿಡಿಗೆ ದಾರಿ ಸಿಗದಿದ್ದರೆ ಕಾಯಿಲೇ ಸುಟ್ಟೀತು.

ಕಿಡಿಯ ಕಥೆ ಜರ್ಮನಿಯಲ್ಲಿ ಶುರುವಾಗುತ್ತದೆ. ರಾಬರ್ಟ್ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲಾಬ್ ಹೊನೊಲ್ಡ್ 1902ರಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ ರೂಪಿಸಿದರು. ಅದೇ ಬಾಷ್‌ನ ಭಾರತೀಯ ಕಂಪನಿ, 1951ರಲ್ಲಿ ಹುಟ್ಟಿದ ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೊ. ಆ ಹೆಸರಿನ ಪ್ಲಗ್ ಕೇಳದ ಸ್ಪೇರ್ ಪಾರ್ಟ್ಸ್ ಅಂಗಡಿ ಜೆ.ಸಿ. ರಸ್ತೆಯಲ್ಲಿ ಇರಲಿಲ್ಲ. ಇನ್ನೊಂದು ಕಡೆ ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿಸಿ ಕ್ಯಾಡಿಲಾಕ್ ಕಾರುಗಳಿಗೆ ಇಗ್ನಿಷನ್ ಕಟ್ಟಿಕೊಟ್ಟರು. ಅಂಬಾಸಿಡರ್, ಪದ್ಮಿನಿಗಳ ಬಾನೆಟ್ ಕೆಳಗೆ ದಶಕಗಳ ಕಾಲ ಇದ್ದದ್ದು ಮೂಲತಃ ಆ ಏರ್ಪಾಟೇ.

ಅದರ ದುರ್ಬಲ ಜಾಗ ಪಾಯಿಂಟ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ ಬೇಕು. ಅಂದರೆ ಉಗುರಿನಷ್ಟು ಚಿಕ್ಕ ಆ ಎರಡು ಲೋಹದ ತುದಿಗಳು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ತೆರೆದಾಗಿನ ಗ್ಯಾಪ್ ಸುಮಾರು 0.4 ಮಿ.ಮೀ. ಅಷ್ಟೆ. ಕಂಡೆನ್ಸರ್ ಕೈಕೊಟ್ಟರೆ ಪಾಯಿಂಟ್ ಬೇಗ ಸುಟ್ಟು, ಒಂದು ತುದಿಯಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಏಳುತ್ತದೆ. ಮಳೆಗಾಲ ಬಂತೆಂದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂತು ಬೆಳಿಗ್ಗೆ ಗಾಡಿ ಎದ್ದೇಳುವುದಿಲ್ಲ. ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ ಅರ್ಧ ರೋಗ ಅಲ್ಲಿಗೇ ಮುಗಿಯಿತು. ಇನ್ನರ್ಧಕ್ಕೆ ಕತ್ತಲಾಗುವವರೆಗೆ ಕಾಯಬೇಕು: ದೀಪ ಆರಿಸಿ ಎಂಜಿನ್ ಓಡಿಸಿದರೆ, ಸೀಳಿದ ಪ್ಲಗ್ ವೈರಿನಿಂದ ಪಕ್ಕದ ಲೋಹಕ್ಕೆ ಹಾರುವ ನೀಲಿ ಕಿಡಿ ಕಣ್ಣಿಗೇ ಬೀಳುತ್ತದೆ.

ಕ್ರೈಸ್ಲರ್ 1973ರ ಮಾದರಿಗಳಿಂದ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿತು, ಉಳಿದವರೂ ಹಿಂಬಾಲಿಸಿದರು. ಆದರೂ ಮಿಸ್ಸಿಂಗ್ ಎನ್ನುವುದು ಆವರೆಗೆ ಮಾಲೀಕ ಮತ್ತು ಮೆಕ್ಯಾನಿಕ್ ನಡುವಿನ ಖಾಸಗಿ ವ್ಯವಹಾರ. ಅದು ಸರ್ಕಾರದ ತಲೆನೋವಾದದ್ದು ಒಬ್ಬ ಅನಾನಸ್ ಪಂಡಿತನಿಂದ.

ಆರಿ ಹಾಗನ್-ಸ್ಮಿಟ್ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಅನಾನಸಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆಂದು ಹುಡುಕುತ್ತಿದ್ದ ಜೀವರಸಾಯನ ವಿಜ್ಞಾನಿ. ಅದೇ ವಿಧಾನದಲ್ಲಿ ಲಾಸ್ ಏಂಜಲೀಸಿನ ಕಣ್ಣುರಿಸುವ ಗಾಳಿಯನ್ನು ಪರೀಕ್ಷಿಸಿ, 1950ರ ದಶಕದ ಆರಂಭದಲ್ಲಿ ಅವರು ಹೇಳಿದ್ದಿಷ್ಟು: ಕಾರಿನ ಹೊಗೆಯ ಅರೆಬೆಂದ ಪೆಟ್ರೋಲಿಗೆ ಬಿಸಿಲು ತಾಗಿ ಈ ಮಬ್ಬು ಹುಟ್ಟುತ್ತಿದೆ. ಕಾರು ಕಂಪನಿಗಳು ಒಪ್ಪಲು ವರ್ಷಗಳೇ ಹಿಡಿದವು. 1975ರ ಅಮೆರಿಕನ್ ಕಾರುಗಳ ಹೊಗೆಕೊಳವೆಗೆ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು.

ಕನ್ವರ್ಟರಿಗೆ ಮಿಸ್ಸಿಂಗೇ ಯಮ. ಕಿಡಿ ತಪ್ಪಿದ ಸಿಲಿಂಡರಿನಿಂದ ಸುಡದ ಪೆಟ್ರೋಲ್ ನೇರ ಅದರೊಳಗೆ ಹೋಗಿ ಅಲ್ಲಿ ಉರಿಯುತ್ತದೆ. ಜೇನುಗೂಡಿನಂಥ ಅದರ ಸೆರಾಮಿಕ್ ಗೂಡು ಕರಗಿ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾ ಹೊಸ ಷರತ್ತು ಹಾಕಿತು: ಕಾರೇ ತನ್ನ ಮಿಸ್ಸಿಂಗ್ ಹಿಡಿದು ಹೇಳಬೇಕು. 1996ರ ಮಾದರಿಗಳಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಬಿಡಿ-2 ಎಂಬ ಈ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯವಾಯಿತು. ಭಾರತಕ್ಕೆ ಅದು 2013ರಲ್ಲಿ ಕಡ್ಡಾಯವಾಗಿ ಬಂತು.

ಕಾರಿನೊಳಗಿನ ಕಂಪ್ಯೂಟರ್ ಮಾಡುವುದೂ ಕೇಳಿಸಿಕೊಳ್ಳುವ ಕೆಲಸವನ್ನೇ, ಹಲ್ಲುಚಕ್ರದ ಮೂಲಕ. ಅನೇಕ ಎಂಜಿನ್‌ಗಳ ಕ್ರ್ಯಾಂಕ್ ತುದಿಯಲ್ಲಿ 58 ಹಲ್ಲಿನ ಚಕ್ರವಿದೆ. 60 ಹಲ್ಲಿನ ಜಾಗದಲ್ಲಿ ಎರಡನ್ನು ಬಿಟ್ಟಿರುವುದು ಗುರುತಿಗೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಒಂದಿಷ್ಟು ಮುನ್ನುಗ್ಗುತ್ತದೆ. ಒಂದು ಕಿಡಿ ತಪ್ಪಿದರೆ ಆ ಹಲ್ಲುಗಳು ಸೆನ್ಸರಿನ ಮುಂದೆ ಕೂದಲೆಳೆಯಷ್ಟು ತಡವಾಗಿ ಹಾಯುತ್ತವೆ. ತಡವಾದದ್ದು ಯಾರ ಸರದಿಯಲ್ಲಿ ಎಂದು ನೋಡಿ ಕೋಡ್ ಬರೆಯುತ್ತದೆ: ಎರಡನೇ ಸಿಲಿಂಡರಿಗೆ ಪಿ0302, ಮೂರನೆಯದಕ್ಕೆ ಪಿ0303. ರಸ್ತೆ ಗುಂಡಿಗಳ ಕುಲುಕಾಟವೂ ಚಕ್ರದಿಂದ ಕ್ರ್ಯಾಂಕಿಗೆ ತಲುಪಿ ಇದೇ ರೀತಿ ಕಾಣಿಸುವುದರಿಂದ, ರಸ್ತೆ ಕೆಟ್ಟಿದೆಯೇ ಎಂದು ಗುರುತಿಸಿ ಆ ಹೊತ್ತಿನ ಲೆಕ್ಕ ಬಿಡುವ ವ್ಯವಸ್ಥೆಯೂ ಬೇಕಾಯಿತು. ನಮ್ಮ ರಸ್ತೆಗಳಲ್ಲಿ ಅದಕ್ಕೆ ಬಿಡುವೇ ಇರಲಾರದು.

ಕೋಡ್ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಚೆಕ್ ಎಂಜಿನ್ ದೀಪವನ್ನು ಇಟ್ಟದ್ದು ಗಾಳಿಗಾಗಿ, ನಮಗಾಗಿ ಅಲ್ಲ. ಅದಕ್ಕೇ ಕೋಡ್ ಯಾವ ಸಿಲಿಂಡರ್ ಎಂದು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ದೀಪ ಮಿನುಗುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಕನ್ವರ್ಟರ್ ಸುಡುತ್ತಿದೆ ಎಂದರ್ಥ. ಕೋಡ್ ನೋಡಿದೊಡನೆ ಕಾಯಿಲ್, ಪ್ಲಗ್ ಎಲ್ಲ ಹೊಸದು ಹಾಕಿ ಬಿಲ್ ಕೊಡುವ ವರ್ಕ್‌ಶಾಪುಗಳನ್ನು ಕಂಡರೆ ನನಗೆ ಸಿಟ್ಟು. ಪಿ0302 ಬಂದಿದ್ದರೆ ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ ಬದಲಿಸಿ ಓಡಿಸಲಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರಿನತ್ತ ನೋಡಬೇಕು. ಐಡ್ಲಿಂಗ್‌ನಲ್ಲಿ ನಡುಗಿ, ಆಕ್ಸಿಲರೇಟರ್ ಒತ್ತಿದೊಡನೆ ಸರಿಹೋದರೆ ಸೀಳಿದ ವ್ಯಾಕ್ಯೂಮ್ ಪೈಪ್ ಹುಡುಕುವುದು ಜಾಣತನ.

ಇದೆಲ್ಲ ಸರಿಯಿದ್ದೂ ಒಂದೇ ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್ ಗೇಜ್ ತಿರುಗಿಸಿ ಅಳೆಯುವುದು. ಒತ್ತಡ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಬಹುಮಟ್ಟಿಗೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಟ್ಯಾಪೆಟ್ ಗ್ಯಾಪ್ ನೋಡಿಯೇ ಹೆಡ್ ಬಿಚ್ಚುವ ಮಾತು.