‘ಧುಂಧ್’ ನೋಡಿದವರೇ, ‘ತರ್ಕ’ ನೋಡಿದ್ದೀರಾ?

ಹಳೇ ಸಸ್ಪೆನ್ಸ್ ಸಿನಿಮಾ ಅಂದರೆ ದೆಹಲಿಯ ಗೆಳೆಯರ ಬಾಯಲ್ಲಿ ಬರೋದು 1973ರ ‘ಧುಂಧ್’, ಬಿ. ಆರ್. ಚೋಪ್ರಾ ಅವರದು. ನಾವು ಕನ್ನಡಿಗರು ಎದೆಯುಬ್ಬಿಸಿ ಹೇಳೋದು ಸುನಿಲ್ ಕುಮಾರ್ ದೇಸಾಯಿ ಅವರ 1989ರ ‘ತರ್ಕ’. ಗೊತ್ತಾ, ಎರಡರ ಬೇರೂ ಒಂದೇ! ಅಗಾಥಾ ಕ್ರಿಸ್ಟಿಯ 1958ರ ನಾಟಕ, ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’. ರಾತ್ರಿ ಹೊತ್ತು, ಮನೆಯೊಳಗೊಂದು ಹೆಣ, ಒಳಗೆ ಕಾಲಿಡೋ ಅಪರಿಚಿತ.

ಆದರೆ ‘ತರ್ಕ’ದಲ್ಲಿ ಹಾಡೇ ಇಲ್ಲ. ಹಾಡು ಬಂದರೆ ನೋಡೋರು ಒಮ್ಮೆ ಉಸಿರು ಬಿಡ್ತಾರೆ. ಆ ಬಿಡುವನ್ನೇ ದೇಸಾಯಿ ಕೊಡಲಿಲ್ಲ. ಆ ಕಾಲಕ್ಕೆ ಅದೆಂಥ ಧೈರ್ಯ! ಶಂಕರ್ ನಾಗ್ ಮುಖ ನೋಡ್ತಾ, ಇವನನ್ನು ನಂಬೋದಾ ಬೇಡವಾ ಅಂತ ಒದ್ದಾಡ್ತೀವಿ. ಕೊಲೆಗಾರ ಯಾರು ಅಂತ ಮಾತ್ರ ನಾನು ಹೇಳಲ್ಲ.

ಅದೇ ಶಂಕರ್ ನಾಗ್ ನಿರ್ದೇಶಿಸಿದ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೆಹಲಿಯ ಮನೆಗಳಿಗೂ ಬಂತು, ದೂರದರ್ಶನದಲ್ಲಿ. ದೇಶದ ಟಿವಿ ಹುಟ್ಟಿದ್ದೂ ಇದೇ ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಪತ್ತೇದಾರಿ ಬೇಕಾದವರಿಗೆ 1985ರಲ್ಲಿ ಕ್ಯಾರೆಟ್ ಕಡಿಯೋ ‘ಕರಮ್‌ಚಂದ್’ ಪಂಕಜ್ ಕಪೂರ್ ಸಿಕ್ಕರು. 1993ರಲ್ಲಿ ಬಾಸು ಚಟರ್ಜಿಯವರ ‘ಬ್ಯೋಮಕೇಶ್ ಬಕ್ಷಿ’.

ನೋಯ್ಡಾ, ಗುರುಗ್ರಾಮದ ಕನ್ನಡಿಗರೇ, ಈ ಭಾನುವಾರ ಪಕ್ಕದ ಮನೆಯವರನ್ನು ಕರೆದು ಎರಡೂ ಸಿನಿಮಾ ಹಾಕಿ. ಮೊದಲು ‘ತರ್ಕ’!