ಕರುಳಿಗೆ ತಾಳ ಹಾಕುವ ಕ್ಯಾಲ್ಸಿಯಂ

ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಹೊರತೆಗೆದು ಬೆಚ್ಚಗಿನ ಲವಣದ್ರಾವಣದಲ್ಲಿ ತೂಗುಬಿಟ್ಟು, ಕೆಳಗಿನಿಂದ ಆಮ್ಲಜನಕದ ಗುಳ್ಳೆ ಹಾಯಿಸುತ್ತಿದ್ದರೆ ಸಾಕು, ಅದು ತನ್ನಷ್ಟಕ್ಕೆ ಕುಗ್ಗುತ್ತ ಹಿಗ್ಗುತ್ತ ಇರುತ್ತದೆ. ಮಿದುಳಿನ ನಂಟು ಕಡಿದಿದೆ, ರಕ್ತವೂ ಹರಿಯುತ್ತಿಲ್ಲ. ಆದರೂ ದಾರಕ್ಕೆ ಕಟ್ಟಿದ ಕಡ್ಡಿ ಕಾಗದದ ಮೇಲೆ ಅಲೆಯಲೆಯಾಗಿ ಗೆರೆ ಎಳೆಯುತ್ತಲೇ ಹೋಗುತ್ತದೆ. ಔಷಧಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇದು ಹಳೆಯ ಪಾಠ. ಈಗ ಕ್ಯಾಲ್ಸಿಯಂ ಇಲ್ಲದ ದ್ರಾವಣ ಹಾಕಿ ನೋಡಿ: ತುಸು ಹೊತ್ತಿನಲ್ಲೇ ಗೆರೆ ಸಪಾಟಾಗುತ್ತದೆ. ಕ್ಯಾಲ್ಸಿಯಂ ಮರಳಿ ಸೇರಿಸಿದರೆ ಅಲೆಯೂ ಮರಳುತ್ತದೆ.

ಈ ಲಯ ಹುಟ್ಟುವುದು ಸ್ನಾಯುವಿನಲ್ಲೇ ಅಲ್ಲ. ಸ್ನಾಯುಪದರಗಳ ನಡುವೆ ಕವಲೊಡೆದು ಹೆಣೆದುಕೊಂಡ ಕೆಲವು ಕೋಶಗಳನ್ನು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ 19ನೇ ಶತಮಾನದ ಕೊನೆಯಲ್ಲೇ ಗುರುತಿಸಿದ್ದರು. ಅವು ಸರಳ ನರಕೋಶಗಳೆಂದು ಅವರು ಭಾವಿಸಿದ್ದರು. ಅವುಗಳ ನಿಜವಾದ ಕೆಲಸ ಸ್ಪಷ್ಟವಾದದ್ದು 1990ರ ದಶಕದಲ್ಲಿ, ಕಿಟ್ ಎಂಬ ಜೀನ್ ಕೆಟ್ಟ ಇಲಿಗಳಿಂದ. ಅವುಗಳ ಸಣ್ಣ ಕರುಳಿನಲ್ಲಿ ಲಯ ಹುಟ್ಟಿಸುವ ಕಹಾಲ್ ಕೋಶಗಳ ಜಾಲವೂ ಇರಲಿಲ್ಲ, ನಿಧಾನಗತಿಯ ವಿದ್ಯುತ್ ಅಲೆಯೂ ಇರಲಿಲ್ಲ.

ಕೋಶದ ಒಳದ್ರವದಲ್ಲಿ ತೇಲುವ ಕ್ಯಾಲ್ಸಿಯಂ, ಹೊರಗಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟು ಕಡಿಮೆ ಇರುವುದರಿಂದಲೇ ಚಿಟಿಕೆಯಷ್ಟು ಒಳಬಂದರೂ ಅದು ದೊಡ್ಡ ಸುದ್ದಿ. ಕೋಶದೊಳಗೇ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಉಗ್ರಾಣವಿದೆ. ಕಹಾಲ್ ಕೋಶದಲ್ಲಿ ಈ ಉಗ್ರಾಣದ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಚಿಮ್ಮುತ್ತದೆ. ಅದು ತಾಗಿದೊಡನೆ ಕೋಶಪೊರೆಯ ಅನೊ1 ಎಂಬ ನಾಲೆ ತೆರೆದು ಕ್ಲೋರೈಡ್ ಹೊರಹರಿಯುತ್ತದೆ. ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಆ ಬದಲಾವಣೆ ಪಕ್ಕದ ಕೋಶಗಳಿಗೆ ಹಬ್ಬಿ ಸ್ನಾಯುಕೋಶವನ್ನೂ ಮುಟ್ಟುತ್ತದೆ. ಅಲ್ಲಿ ಬೇರೆಯದೇ ನಾಲೆಗಳು ತೆರೆದು ಹೊರಗಿನ ಕ್ಯಾಲ್ಸಿಯಂ ಒಳನುಗ್ಗಿ, ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಮಯೋಸಿನ್ ಎಳೆಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಸ್ನಾಯು ಬಿಗಿಯುತ್ತದೆ. ಬಳಿಕ ಪಂಪುಗಳು ಕ್ಯಾಲ್ಸಿಯಮನ್ನು ಹೊರಹಾಕಿ, ಉಗ್ರಾಣಕ್ಕೂ ತುಂಬಿ, ಮುಂದಿನ ಸುತ್ತಿಗೆ ಅಣಿಮಾಡುತ್ತವೆ.

ನಮ್ಮ ಜಠರದಲ್ಲಿ ಇದು ನಿಮಿಷಕ್ಕೆ ಸುಮಾರು 3 ಸಲ, ಸಣ್ಣ ಕರುಳಿನ ಆರಂಭದಲ್ಲಿ ಸುಮಾರು 12 ಸಲ, ಅದರ ಕೊನೆಗೆ ಬರುವಷ್ಟರಲ್ಲಿ 8ರ ಆಸುಪಾಸು. ಪ್ರತಿ ಅಲೆಗೂ ಕರುಳು ಜೋರಾಗಿ ಹಿಂಡಲೇಬೇಕೆಂದಿಲ್ಲ. ಯಾವಾಗ ಎಂಬುದು ಕಹಾಲ್ ಕೋಶಗಳ ಲೆಕ್ಕ. ಎಷ್ಟು ಬಿಗಿಯಾಗಿ ಎಂಬುದನ್ನು ಹೆಚ್ಚಾಗಿ ನರಗಳೂ ಹಾರ್ಮೋನುಗಳೂ ತೀರ್ಮಾನಿಸುತ್ತವೆ. ಈ ಹಂಚಿಕೆ ನನಗೆ ಬಹಳ ಸೊಗಸಾಗಿ ಕಾಣುತ್ತದೆ.

ರಕ್ತದೊತ್ತಡಕ್ಕೆ ಕೊಡುವ ವೆರಪಾಮಿಲ್ ಮಾತ್ರೆಯಿಂದ ಕೆಲವರಿಗೆ ಮಲಬದ್ಧತೆ ಬರುವುದಕ್ಕೂ ಇಲ್ಲೇ ಕಾರಣವಿದೆ: ಅದು ತಡೆಯುವ ಕ್ಯಾಲ್ಸಿಯಂ ನಾಲೆ ರಕ್ತನಾಳದಲ್ಲಿರುವಂತೆ ಕರುಳಿನಲ್ಲೂ ಇದೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಕೆಲವರ ಜಠರದ ಕಹಾಲ್ ಕೋಶಗಳೇ ಕಡಿಮೆಯಾಗುತ್ತವೆ. ಆಗ ಉಂಡದ್ದು ಹೊಟ್ಟೆಯಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ಊಟಕ್ಕೆಂದು ತೆಗೆದುಕೊಂಡ ಇನ್ಸುಲಿನ್ ಮೊದಲೇ ಕೆಲಸ ಆರಂಭಿಸಿ ರಕ್ತದ ಸಕ್ಕರೆ ಇಳಿದುಬಿಡಬಹುದು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ ಎಂದು ಸಕ್ಕರೆ ಕಾಯಿಲೆಯವರು ಹೇಳಿದರೆ ಅದನ್ನು ಬರೀ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ವೈದ್ಯರ ಗಮನಕ್ಕೆ ತರಬೇಕು.