ಸಮೂಹ ಮನಶ್ಚಿಕಿತ್ಸೆ: ವೈದ್ಯನ ಮಾತು ಮತ್ತು ಮೌನ

ದೇಹದ ವ್ಯಾಧಿಯನ್ನು ವೈದ್ಯರೆದುರು ಸಂಕೋಚವಿಲ್ಲದೆ ಹೇಳಿಕೊಳ್ಳುವ ನಾವು ಮನಸ್ಸಿನ ವ್ಯಥೆಯನ್ನಾದರೋ ಮನೆಯವರಿಂದಲೂ ಮರೆಮಾಚುತ್ತೇವೆ. ಈ ಮರೆಯನ್ನು ಸರಿಸುವ ಉಪಾಯಗಳಲ್ಲಿ ಸಮೂಹ ಮನಶ್ಚಿಕಿತ್ಸೆಯೂ ಒಂದು. ಏಳೆಂಟು ಮಂದಿ ವ್ಯಥಿತರು ನಿಯತಕಾಲದಲ್ಲಿ ಒಂದೆಡೆ ಸುತ್ತುಗೂಡಿ ಕುಳಿತು, ಚಿಕಿತ್ಸಕನ ಸಮ್ಮುಖದಲ್ಲಿ ತಮ್ಮ ಕಷ್ಟವನ್ನು ಪರಸ್ಪರ ತೋಡಿಕೊಳ್ಳುವುದೇ ಇದರ ಕ್ರಮ. ಆದರೆ ಅಲ್ಲಿ ಚಿಕಿತ್ಸಕನ ಕೆಲಸವೇನು? ಬಲ್ಲವರು ಇದಕ್ಕಿತ್ತ ಉತ್ತರ ಒಂದೇ ಬಗೆಯದಲ್ಲ.

೧೯೦೫ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಪ್ರಾಟ್ ಎಂಬವರು ಬಡ ಕ್ಷಯರೋಗಿಗಳನ್ನು ಒಟ್ಟುಗೂಡಿಸಿ ಆರೋಗ್ಯದ ಪಾಠ ಹೇಳತೊಡಗಿದರು. ಅವರದು ಉಪಾಧ್ಯಾಯರ ಮಾರ್ಗ. ಒಬ್ಬನ ಚೇತರಿಕೆ ಇನ್ನೊಬ್ಬನಿಗೆ ಧೈರ್ಯವಿತ್ತಿತು. ಪಾಠದಂತೆ ಸಹವಾಸವೂ ಔಷಧವೆಂದು ಅವರು ಕಂಡುಕೊಂಡರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನಾರ್ತ್‌ಫೀಲ್ಡ್ ಸೈನಿಕ ಆಸ್ಪತ್ರೆಯಲ್ಲಿ ದುಡಿದ ಬಯಾನ್ ಮತ್ತು ಫೌಕ್ಸ್ ಎಂಬ ವೈದ್ಯರಿಬ್ಬರು ಬೇರೆ ದಾರಿಗಳನ್ನು ಹಿಡಿದರು. ಯುದ್ಧಾನಂತರ ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಬಯಾನರು ಅಪ್ಪಣೆಯನ್ನಾಗಲಿ ಬುದ್ಧಿವಾದವನ್ನಾಗಲಿ ಕೊಡದೆ ಸುಮ್ಮನೆ ಕುಳಿತಿರುತ್ತಿದ್ದರು. ಜನರು ಚಡಪಡಿಸುತ್ತಿದ್ದರು. ಆಗ ಅವರು, ತನ್ನ ಹೊಣೆಯನ್ನು ನಾಯಕನ ಹೆಗಲಿಗೇರಿಸಲು ಗುಂಪು ಹೇಗೆ ಹಾತೊರೆಯುತ್ತದೆ ಎಂಬುದನ್ನು ಎತ್ತಿ ತೋರಿಸುತ್ತಿದ್ದರು. ಅವರ ಮಾತು ಇಡೀ ಗುಂಪನ್ನು ಕುರಿತದ್ದೇ ಹೊರತು ಒಬ್ಬೊಬ್ಬನನ್ನು ಕುರಿತದ್ದಲ್ಲ. ಫೌಕ್ಸರಾದರೋ ನಾಯಕನೆಂಬ ಹೆಸರನ್ನು ಬಿಟ್ಟು, ವಾದ್ಯವೃಂದವನ್ನು ನಡೆಸುವವನ ಹೆಸರನ್ನು ಆರಿಸಿಕೊಂಡರು. ತಾವೇ ಉತ್ತರ ಹೇಳುವುದಕ್ಕಿಂತ ಒಬ್ಬನ ಮಾತಿಗೆ ಮತ್ತೊಬ್ಬನು ಓಗೊಡುವಂತೆ ಮಾಡುವುದು ಅವರ ರೀತಿ.

ಇವುಗಳಲ್ಲಿ ಯಾವುದು ಮೇಲು? ಇದಕ್ಕೆ ನೇರವಾದ ಉತ್ತರವಲ್ಲದಿದ್ದರೂ ಬೆಳಕು ಬೀರುವ ಒಂದು ಶೋಧನೆಯನ್ನು ಲೀಬರ್‌ಮನ್, ಯಾಲಮ್, ಮೈಲ್ಸ್ ಎಂಬ ವಿದ್ವಾಂಸರು ೧೯೭೩ರಲ್ಲಿ ಪ್ರಕಟಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆತ್ಮಪರಿಚಯಕ್ಕಾಗಿ ಕೂಡಿದ್ದ ಗುಂಪುಗಳನ್ನು ಅವರು ಪರೀಕ್ಷಿಸಿದ್ದರು. ಫಲವು ನಾಯಕನ ಪಂಥಕ್ಕಿಂತ ಅವನ ನಡತೆಯನ್ನು ಹೆಚ್ಚಾಗಿ ಅವಲಂಬಿಸಿತ್ತು. ಅಕ್ಕರೆಯಿಂದ ನಡೆದುಕೊಂಡು, ನಡೆದುದರ ಅರ್ಥವನ್ನು ಬಿಡಿಸಿ ಹೇಳಿ, ಭಾವನೆಗಳನ್ನು ಕೆರಳಿಸುವುದರಲ್ಲಿಯೂ ಗುಂಪನ್ನು ಅಂಕೆಯಲ್ಲಿಡುವುದರಲ್ಲಿಯೂ ಮಿತಿ ಕಾಯ್ದವರ ಗುಂಪುಗಳು ಹೆಚ್ಚು ಪ್ರಯೋಜನ ಪಡೆದವು. ಮನಸ್ಸನ್ನು ಬಲವಂತವಾಗಿ ಕೆದಕಿದ ನಾಯಕರ ಕೈಯಲ್ಲಿ ಕೆಲವರು ಮೊದಲಿಗಿಂತ ಹೆಚ್ಚು ನೊಂದರು.

ಆದುದರಿಂದ ಇಂತಹ ಗುಂಪನ್ನು ನಡೆಸುವವನಿಗೆ ಸದುದ್ದೇಶವೊಂದೇ ಸಾಲದು, ತಕ್ಕ ಶಿಕ್ಷಣವೂ ಬೇಕು. ಪೋಷಕರೇ, ವಿದ್ಯಾರ್ಥಿಗಳೇ, ಮನೋವ್ಯಥೆಯು ಜ್ವರದಂತೆಯೇ ಯಾರಿಗಾದರೂ ಬರಬಹುದಾದದ್ದು. ಅದರಲ್ಲಿ ನಾಚುವಂಥದೇನೂ ಇಲ್ಲ. ಮಗುವೊಂದು ಮಂಕಾಗಿ ಕುಳಿತಾಗ ಗದರಿಸಿ ಬಾಯಿ ಬಿಡಿಸುವುದೂ ಸಲ್ಲದು, ಕಂಡೂ ಕಾಣದಂತಿರುವುದೂ ಸಲ್ಲದು. ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ಕೇಳುವುದು ಮೊದಲ ಉಪಚಾರ. ಅದರಿಂದ ನೀಗದಿದ್ದರೆ ತಜ್ಞರ ಬಳಿಗೆ ಕರೆದೊಯ್ಯುವುದು ಹಿರಿಯರ ಕರ್ತವ್ಯ.